ಸೊನ್ನೆಯ ತುದಿ

ಸುಣ್ಣದ ಗೆರೆ ನೇರವಾಗಿ ಸಮುದ್ರದ ಕಡೆಗೆ ಹೋಗುತ್ತಿತ್ತು. ಪ್ರಯೋಗಶಾಲೆಯ ಕಿಟಕಿಯ ಬಳಿ ನಿಂತು ವಿಜ್ಞಾನದ ಟೀಚರ್ ಅದನ್ನೇ ನೋಡುತ್ತಿದ್ದಳು. ಡ್ರಿಲ್ ಮೇಷ್ಟ್ರು ತೂತು ಕೊರೆದ ಡಬ್ಬಿಯನ್ನು ಅಲ್ಲಾಡಿಸುತ್ತ, ಬೆನ್ನು ಬಗ್ಗಿಸಿಕೊಂಡು ನಡೆಯುತ್ತಿದ್ದರು; ಅವರ ಬೆನ್ನಿಗೆ ಎಂಟನೇ ತರಗತಿಯ ಮೂವತ್ತೆಂಟು ಮಕ್ಕಳು. ಗೆರೆ ಮೈದಾನದ ಹುಲ್ಲು ದಾಟಿತು, ದಂಡೆಯ ಅಂಚಿನಿಂದ ಇಳಿದು ಮರಳು ದಾಟಿತು, ಅಲೆ ಬಂದು ನೆಕ್ಕಿ ಹೋಗುವ ಜಾಗಕ್ಕೆ ಬಂದು ನಿಂತಿತು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ, ಡಬ್ಬಿ ಹಿಡಿದ ಕೈಯನ್ನೇ ನೀರಿನ ಕಡೆ ಚಾಚಿ ಏನೋ ಹೇಳಿದರು. ಮಕ್ಕಳು ಹೋ ಎಂದು ನಕ್ಕರು.

ಇದಕ್ಕೆ ಪಾಠ ಅಂತ ಹೆಸರು, ಎಂದುಕೊಂಡಳು ಅವಳು. ಅವಳ ಕೈಯಲ್ಲಿ ಕಚೇರಿಯಿಂದ ಬಂದ ವೀಕ್ಷಣಾ ವರದಿಯ ನಮೂನೆ ಇತ್ತು. 'ಎರಡನೇ ವೀಕ್ಷಣೆ' ಎಂಬ ಖಾನೆಯಲ್ಲಿ 'ಪಠ್ಯಪುಸ್ತಕ ಬಳಸಿಲ್ಲ. ಮಕ್ಕಳು ಗದ್ದಲ ಮಾಡಿದರು' ಎಂದು ಬರೆದಳು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವಳ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಹವಾಮಾನ ಬದಲಾವಣೆಯನ್ನು ಸರ್ಕಾರಿ ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕು, ವಿಜ್ಞಾನದ ಪುಸ್ತಕದ ಕೊನೆಗೆ ಅಂಟಿಸಿದ ಎರಡು ಪುಟವಾಗಿ ಅಲ್ಲ, ಅದರದ್ದೇ ಪೀರಿಯಡ್ಡು, ಅದರದ್ದೇ ಪುಸ್ತಕ ಇರಬೇಕು ಎಂದು ಆರು ವರ್ಷ ಓಡಾಡಿದವರಲ್ಲಿ ಅವಳೂ ಒಬ್ಬಳು. ಸಹಿ ಸಂಗ್ರಹಿಸಿದ್ದಳು. ಶಿಕ್ಷಣ ಕಚೇರಿಯ ಮೆಟ್ಟಿಲ ಮೇಲೆ ಫಲಕ ಹಿಡಿದು ಬಿಸಿಲಲ್ಲಿ ನಿಂತಿದ್ದಳು. ಒಬ್ಬ ಅಧಿಕಾರಿ ಇನ್ನೊಬ್ಬರ ಕಡೆ, ಆ ಇನ್ನೊಬ್ಬರು ಮತ್ತೊಬ್ಬರ ಕಡೆ ಕೈ ತೋರಿಸಿದಾಗಲೂ ಹಲ್ಲು ಕಚ್ಚಿಕೊಂಡು ಎಲ್ಲರ ಮೇಜಿನ ಮುಂದೆಯೂ ನಿಂತು ಬಂದಿದ್ದಳು. ಈ ವರ್ಷ ಕೊನೆಗೂ ಆದೇಶ ಬಂತು. ಅಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅವಳೇ ಚಹಾ ತರಿಸಿದಳು. ರಜೆಯ ಆರು ದಿನ ತರಬೇತಿಗೆ ಹೋಗಿ, ಬಣ್ಣಬಣ್ಣದ ಹನ್ನೆರಡು ನಕ್ಷೆ ಬರೆದು ಸುರುಳಿ ಸುತ್ತಿ ಇಟ್ಟುಕೊಂಡಳು. ಆಮೇಲೆ ವೇಳಾಪಟ್ಟಿ ಗೋಡೆಗೆ ಬಂತು ನೋಡಿ, ಆ ಹೊಸ ವಿಷಯದ ಮುಂದೆ ಇದ್ದದ್ದು ಡ್ರಿಲ್ ಮೇಷ್ಟ್ರ ಹೆಸರು.

ಮೊದಲು ಅವಳು ಕೈತಪ್ಪಾಗಿರಬೇಕು ಎಂದುಕೊಂಡಳು. ಮುಖ್ಯೋಪಾಧ್ಯಾಯಿನಿ ಕರೆದು ಕೂರಿಸಿ, ಬಾಗಿಲು ಮುಂದಕ್ಕೆ ಎಳೆದು ವಿಷಯ ಬಿಡಿಸಿ ಹೇಳಿದರು. ಮೈದಾನ ಚಿಕ್ಕದಾಗಿದೆ, ಅದಕ್ಕೇ ಆಟದ ಪೀರಿಯಡ್ಡುಗಳನ್ನು ಅರ್ಧಕ್ಕೆ ಇಳಿಸಿ ಎಂದು ಕಚೇರಿಯವರು ಬರೆದಿದ್ದಾರೆ. ಅಷ್ಟು ಕಡಿಮೆ ಪೀರಿಯಡ್ಡಿದ್ದರೆ ಮೇಷ್ಟ್ರು 'ಹೆಚ್ಚುವರಿ' ಆಗುತ್ತಾರೆ; ಹೆಚ್ಚುವರಿಯಾದವರನ್ನು ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಎತ್ತಿ ಹಾಕುತ್ತಾರೆ. ನಿವೃತ್ತಿಗೆ ಎರಡೇ ವರ್ಷ ಇರುವ ಮನುಷ್ಯ. ಹೊಸ ವಿಷಯವನ್ನು ಪದವಿ ಇರುವ ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂದು ಆದೇಶದಲ್ಲಿದೆ. ಆದರೆ ಅದೇ ಶಾಲೆಯ ವಿಜ್ಞಾನದ ಶಿಕ್ಷಕರು ಮೂರು ತರಗತಿ ಕೂತು ನೋಡಿ, 'ಅರ್ಹರು' ಎಂದು ಬರೆದು ಸಹಿ ಹಾಕಬೇಕು.

"ಅಂದ್ರೆ ಕತ್ತಿ ತಂದು ನನ್ನ ಕೈಗೇ ಕೊಟ್ರಿ," ಎಂದಳು ಅವಳು.

"ಇದ್ದದ್ದು ಇದ್ದ ಹಾಗೆ ಬರಿಯಮ್ಮ. ನಾನೊಂದು ಮಾತೂ ಹೇಳೋದಿಲ್ಲ."

ಹೇಳೋದಿಲ್ಲ ಎನ್ನುವ ದನಿಯಲ್ಲೇ ಅವರು ಎಲ್ಲವನ್ನೂ ಹೇಳಿ ಮುಗಿಸಿದ್ದರು. ಅವಳೂ ಬಿಡಲಿಲ್ಲ. ಮೇಷ್ಟ್ರು ಒಳ್ಳೆಯವರು ಅನ್ನುವುದು ತನಗೂ ಗೊತ್ತು, ಆದರೆ ಮೊದಲ ವರ್ಷವೇ ಈ ವಿಷಯ ಮಕ್ಕಳಾಟವಾಗಿ ಹೋದರೆ ಮುಂದಿನ ವರ್ಷ ಆದೇಶವನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಅದಕ್ಕೇ ಬಾಯಿ ತೆರೆದುಕೊಂಡು ಕಾಯುತ್ತಿರುವವರು ಬೇಕಾದಷ್ಟು ಜನ ಇದ್ದಾರೆ ಎಂದಳು. ಮುಖ್ಯೋಪಾಧ್ಯಾಯಿನಿ ಕನ್ನಡಕ ಒರೆಸಿಕೊಳ್ಳುತ್ತ ಕೂತರು.

ಈ ಡ್ರಿಲ್ ಮೇಷ್ಟ್ರನ್ನು ಒಮ್ಮೆ ನೋಡಿದವರು ಮರೆಯುವ ಹಾಗಿರಲಿಲ್ಲ. ಬಿಸಿಲಿಗೆ ಸುಟ್ಟು ಕಬ್ಬಿಣದ ಬಣ್ಣಕ್ಕೆ ತಿರುಗಿದ ಮುಖ, ಕುತ್ತಿಗೆಯಲ್ಲಿ ದಾರ ಕಟ್ಟಿದ ಸೀಟಿ. ಮದುವೆಯ ಫೋಟೋದಲ್ಲೂ ಆ ಸೀಟಿ ಇದೆ ಎಂದು ಮಕ್ಕಳು ಆಣೆ ಮಾಡಿ ಹೇಳುತ್ತಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳೆಲ್ಲ ಸಾಲಾಗಿ ನಿಲ್ಲುವ ಹೊತ್ತಿಗೆ ಅವರು 'ಮೇಷ್ಟ್ರ ಕಲ್ಲಿ'ನ ಮೇಲೆ ಹತ್ತಿ ನಿಂತಿರುತ್ತಿದ್ದರು. ಅದು ಕಲ್ಲೇನೂ ಅಲ್ಲ, ಧ್ವಜಕಂಬದಿಂದ ಏಳೆಂಟು ಹೆಜ್ಜೆ ಮುಂದೆ, ಸಮುದ್ರದ ಕಡೆಗೆ, ನೆಲದಿಂದ ಗೇಣು ಎತ್ತರಕ್ಕೆ ಎದ್ದ ಒಂದು ದುಂಡನೆಯ ಸಿಮೆಂಟಿನ ದಿಬ್ಬ. ಪ್ರತಿ ವರ್ಷ ಅದಕ್ಕೆ ಅವರೇ ಸುಣ್ಣ ಬಳಿಯುತ್ತಿದ್ದರು. ಮೇಷ್ಟ್ರು ಹುಟ್ಟಿದ್ದೇ ಅದರ ಮೇಲೆ ಎಂದು ಮಕ್ಕಳ ನಂಬಿಕೆ.

ಬಯಲಲ್ಲಿ ಹುಲಿಯಂತಿದ್ದ ಮನುಷ್ಯ ಸೂರಿನ ಕೆಳಗೆ ಬಂದರೆ ಕೈಕಾಲು ಕಳೆದುಕೊಳ್ಳುತ್ತಿದ್ದರು. ಅವಳು ನೋಡಿದ ಮೊದಲ ತರಗತಿ ಹೀಗೇ ಹಾಳಾಗಿತ್ತು. ಬೆರಳ ನಡುವೆ ಸೀಮೆಸುಣ್ಣ ಪಟಪಟನೆ ಮುರಿಯಿತು. ಗೋಡೆಗೆ ಬಡಿದು ಬಂದ ತನ್ನದೇ ದನಿಗೆ ಅವರೇ ಬೆಚ್ಚಿದರು. ಪುಸ್ತಕ ತೆಗೆದು ಕವಾಯತಿನ ಆಜ್ಞೆ ಕೊಡುವ ಹಾಗೆ ಒಂದು ಪುಟ ಓದಿದರು, ಮಕ್ಕಳು ಆಕಳಿಸಿದರು. ಕೊನೆಗೆ ಮೂರನೇ ಬೆಂಚಿನ ಹುಡುಗಿ ಎದ್ದಳು. ಯಾವ ಮಾತನ್ನೂ ವಾದ ಮಾಡದೆ ಒಪ್ಪದ ಅವಳಿಗೆ ಶಾಲೆಯಲ್ಲೆಲ್ಲ ಲಾಯರಮ್ಮ ಎಂದೇ ಹೆಸರು.

"ಸಾರ್, ಗಾಳೀಲಿರೋ ಅನಿಲ ಶಾಖಾನ ಹಿಡ್ಕೊಳ್ಳತ್ತೆ ಅಂದ್ರಲ್ಲ, ಹೇಗೆ ಹಿಡ್ಕೊಳ್ಳತ್ತೆ? ಅದಕ್ಕೇನು ಕೈ ಇದ್ಯಾ?"

"ಗೊತ್ತಿಲ್ಲ ಕಣಮ್ಮ," ಎಂದರು ಮೇಷ್ಟ್ರು. "ಕೇಳ್ಕೊಂಡು ನಾಳೆ ಹೇಳ್ತೀನಿ."

ವಿಜ್ಞಾನದ ಟೀಚರ್ 'ವಿಷಯಜ್ಞಾನ ಸಾಲದು' ಎಂದು ಬರೆದುಕೊಂಡಳು. ಅದೇ ಸಂಜೆ ಮೇಷ್ಟ್ರು ಪ್ರಯೋಗಶಾಲೆಯ ಬಾಗಿಲಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಮಕ್ಕಳು ಕೂರುವ ಮೋಟು ಸ್ಟೂಲಿನ ಮೇಲೆ ಮಂಡಿ ಮಡಚಿ ಕೂತು, ಒಂದು ಗಂಟೆ ಪಾಠ ಹೇಳಿಸಿಕೊಂಡು ಬರೆದುಕೊಂಡು ಹೋದರು. ಅರ್ಥವಾಗದ್ದನ್ನು ಮೂರು ಸಲ ಕೇಳಿದರು, ನಾಚಿಕೆ ಪಡಲಿಲ್ಲ. ಮರುದಿನ ಮಕ್ಕಳಿಗೆ ಅದನ್ನು ಮುಕ್ಕಾಲು ಪಾಲು ಸರಿಯಾಗಿಯೇ ಹೇಳಿದರಂತೆ. ಅದನ್ನು ಅವಳು ವರದಿಯಲ್ಲಿ ಬರೆಯಲಿಲ್ಲ. ಅದಕ್ಕೊಂದು ಖಾನೆ ಇರಲಿಲ್ಲ.

ಸುಣ್ಣದ ಗೆರೆಯ ಆ ದಿನ ಅವಳು ತಡೆಯಲಾರದೆ ಮೈದಾನಕ್ಕೇ ಇಳಿದು ಹೋದಳು. ಇದೇನು ಸರ್ ಎಂದು ಕೇಳಿದ್ದಕ್ಕೆ ಮೇಷ್ಟ್ರು ಅಂಗೈಗೆ ಮೆತ್ತಿದ್ದ ಸುಣ್ಣ ಒರೆಸಿಕೊಂಡು, ಇದು ತಾನು ಈ ಶಾಲೆಗೆ ಬಂದ ವರ್ಷದ ನಾನೂರು ಮೀಟರ್ ಓಟದ ಪಥದ ಹೊರಗೆರೆ ಎಂದರು. ಇಲ್ಲಿಂದ ಅದು ತಿರುಗಬೇಕಾಗಿದ್ದ ಜಾಗ ಈಗ ಅಗೋ, ಆ ದೋಣಿ ಕಟ್ಟಿದೆಯಲ್ಲ, ಅಲ್ಲಿ. ಆಮೇಲೆ ಮುನ್ನೂರು ಮೀಟರಿನ ಪಥ ಹಾಕಿದರು, ಅದೂ ಹಿಡಿಸದೆ ಇನ್ನೂರು. ಕ್ರೀಡಾಕೂಟದ ಹಿಂದಿನ ದಿನ ಧ್ವಜಕಂಬದಿಂದ ಹುಲ್ಲಿನ ಅಂಚಿನವರೆಗೆ ಟೇಪು ಹಿಡಿದು ಅಳೆಯುವುದು ಅವರ ವಾಡಿಕೆ. ಯಾವ ಪಥ ಹಿಡಿಸುತ್ತದೆ ಎಂದು ನೋಡಿಕೊಳ್ಳಲು ಅಷ್ಟೇ, ಇನ್ಯಾವ ಘನಕಾರ್ಯಕ್ಕೂ ಅಲ್ಲ. ಇಪ್ಪತ್ತೊಂಬತ್ತು ವರ್ಷದ ಅಳತೆ ಒಂದು ನೋಟ್‌ಬುಕ್ಕಿನಲ್ಲಿದೆ.

"ಮುಂದಿನ ಪಾಠಕ್ಕೆ ಅದನ್ನೇ ತಗೊಳ್ಳೋಣ ಅಂತಿದ್ದೀನಿ," ಎಂದರು. "ಪುಸ್ತಕದಲ್ಲಿರೋದು ಎಲ್ಲೋ ದೂರದ ಹಿಮದ ಕಥೆ. ಇದಾದ್ರೆ ಇವ್ರ ಕಾಲ ಕೆಳಗಿಂದೇ ಹೋಗಿರೋದು."

ಆ ನೋಟ್‌ಬುಕ್ ಮನೆಗೆ ಒಯ್ಯಬಹುದೇ ಎಂದು ಅವಳು ಕೇಳಿದಳು. ಕೇಳಿದ್ದೇ ತಡ, ಅವರು ಸ್ಟೋರ್ ರೂಮಿಗೆ ಹೋಗಿ, ಚೆಂಡುಗಳ ಬಲೆಯ ಹಿಂದಿನಿಂದ ತೆಗೆದು, ಧೂಳು ಕೊಡವಿ ಕೊಟ್ಟರು. ಯಾಕೆ ಏನು ಎಂದು ಕೇಳಲಿಲ್ಲ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅವಳು ಅದನ್ನು ಬಿಡಿಸಿಕೊಂಡು ಕೂತಳು. ಎದುರಿಗೆ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಪುಟಕ್ಕೆ ಒಂದು ವರ್ಷ: ತಾರೀಕು, ಗಾಳಿ ಹೇಗಿತ್ತು, ಯಾವ ಪಥ, ಎಷ್ಟು ಮೀಟರ್. ಮೊದಲ ವರ್ಷ ನೂರ ಹನ್ನೆರಡು. ಆಮೇಲೆ ನೂರ ಹತ್ತು, ನೂರ ಎಂಟು, ಹೀಗೆ ಇಳಿಯುತ್ತ ಬಂದು ಹನ್ನೆರಡನೇ ವರ್ಷಕ್ಕೆ ಎಂಬತ್ತೊಂಬತ್ತು ಮೀಟರ್ ನಲವತ್ತು ಸೆಂಟಿಮೀಟರ್. ಹದಿಮೂರನೇ ವರ್ಷದ ಪುಟಕ್ಕೆ ಬಂದವಳ ಕಿವಿ ನೆಟ್ಟಗಾಯಿತು. ತೊಂಬತ್ಮೂರು ಮೀಟರ್ ಎಂಬತ್ತು. ಮೈದಾನ ಒಂದೇ ವರ್ಷದಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಬೆಳೆದುಬಿಟ್ಟಿತ್ತು! ಅಲ್ಲಿಂದ ಮತ್ತೆ ಏನೂ ಆಗದ ಹಾಗೆ ಇಳಿಜಾರು. ಕೊನೆಯ ಪುಟ, ಹೋದ ವರ್ಷದ್ದು, ಅರವತ್ತೊಂದು ಮೀಟರ್ ಐವತ್ತು.

"ಸಿಕ್ಕಿಬಿದ್ರು," ಎಂದಳು. ಹೇಳಬಾರದು, ಆದರೆ ಆ ಕ್ಷಣ ಅವಳಿಗೆ ಖುಷಿಯೇ ಆಯಿತು.

ಯಾರು ಎಂದರು ಅತ್ತೆ. ಅವಳು ಎಲ್ಲ ಹೇಳಿದಳು. ಸಮುದ್ರ ಭೂಮಿಯನ್ನು ತಿರುಗಿ ಕೊಟ್ಟದ್ದುಂಟೇ, ಅಳತೆ ತಪ್ಪಿದೆ, ಒಂದು ಕಡೆ ತಪ್ಪಿದ ಮೇಲೆ ಉಳಿದದ್ದನ್ನು ನಂಬುವುದು ಹೇಗೆ, ನಾಳೆ ಯಾರಾದರೂ ಈ ಪುಸ್ತಕ ಎತ್ತಿ ತೋರಿಸಿ ಇದೇನಾ ನೀವು ಕಲಿಸುವ ಹವಾಮಾನ ಎಂದು ನಕ್ಕರೆ ಆರು ವರ್ಷದ ಓಡಾಟ ನೀರಿಗೆ ಹಾಕಿದ ಹಾಗೆ. ಅತ್ತೆಯೂ ಅದೇ ಶಾಲೆಯಲ್ಲಿ ಓದಿದವರು, ಮಗನನ್ನೂ ಅಲ್ಲೇ ಓದಿಸಿದವರು. ಎಲ್ಲವನ್ನೂ ಕೇಳಿಸಿಕೊಂಡು ಬೆಳ್ಳುಳ್ಳಿಯ ಸಿಪ್ಪೆಯನ್ನು ಒಂದು ಕಡೆ ಗುಡಿಸಿದರು.

"ನಿನ್ನ ಗಂಡಂಗೆ ಈಜು ಕಲ್ಸಿದ್ದು ಅವ್ರೇ. ಎಂಟು ದಿನ ನೀರು ಕುಡ್ಸಿದ್ರು."

"ಅದಕ್ಕೋಸ್ಕರ ಅರ್ಹರು ಅಂತ ಬರೀಬೇಕಾ ಅತ್ತೆ?"

"ನಾನೆಲ್ಲಿ ಹಾಗಂದೆ? ತಪ್ಪಿದ್ರೆ ತಪ್ಪು ಅಂತಾನೇ ಬರಿ. ಆದ್ರೆ ಅವ್ರನ್ನ ಒಂದ್ಮಾತು ಕೇಳಿ ಬರಿ."

ಕೇಳುತ್ತೇನೆ ಎಂದಳು. ಕೇಳಲಿಲ್ಲ. ನಾಳೆ ಕೇಳಿದರಾಯಿತು, ನಾಡಿದ್ದು ಕೇಳಿದರಾಯಿತು ಎಂದು ನಾಲ್ಕು ದಿನ ತಳ್ಳಿದಳು. ನಿಜ ಹೇಳಬೇಕೆಂದರೆ, ಆ ತಪ್ಪು ಮೂರನೇ ವೀಕ್ಷಣೆಯ ದಿನ, ತುಂಬಿದ ಮಕ್ಕಳ ಮುಂದೆ, ತನ್ನ ಬಾಯಿಂದಲೇ ಹೊರಬೀಳಲಿ ಎಂಬ ಆಸೆ ಅವಳಿಗೆ ಒಳಗೊಳಗೇ ಇತ್ತು. ನಮೂನೆಯ ಕೊನೆಯಲ್ಲಿ 'ಅರ್ಹರು / ಅರ್ಹರಲ್ಲ' ಎಂದು ಅಚ್ಚಾಗಿತ್ತು. 'ಅರ್ಹರು' ಎಂಬುದರ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆದಿಟ್ಟಳು. ಆ ನಡುವೆ ಮೂರನೇ ದಿನ ಬೆಳಿಗ್ಗೆ ನೋಟ್‌ಬುಕ್ಕನ್ನು ಮೇಷ್ಟ್ರ ಮೇಜಿನ ಮೇಲಿಟ್ಟು, ಥ್ಯಾಂಕ್ಸ್ ಸರ್ ಎಂದಷ್ಟೇ ಹೇಳಿ ಬಂದಳು.

ಮೂರನೇ ವೀಕ್ಷಣೆಗೆ ಅವಳು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಾಗ ಕಪ್ಪುಹಲಗೆಯ ತುಂಬ ಅಂಕಿಗಳಿದ್ದವು. ಇಪ್ಪತ್ತೊಂಬತ್ತು ಸಾಲು, ಓಟದ ಪಥದಷ್ಟು ನೇರ. ಮೇಷ್ಟ್ರು ಬೆಳಿಗ್ಗೆ ಏಳಕ್ಕೇ ಬಂದು ಬರೆದಿದ್ದರಂತೆ. ನೋಟ್‌ಬುಕ್ಕನ್ನು ಎತ್ತಿ ಹಿಡಿದು ಅವರು ಪಾಠ ಶುರುಮಾಡಿದ ರೀತಿಗೆ ಅವಳು ಸಿದ್ಧಳಾಗಿರಲಿಲ್ಲ.

"ಇಷ್ಟು ವರ್ಷ ಒಬ್ನೇ ಅಳ್ದಿದ್ದೀನಿ, ಒಬ್ನೇ ಬರ್ದಿದ್ದೀನಿ. ಬೇರೆ ಯಾರೂ ಇದನ್ನ ತಿದ್ದಿಲ್ಲ. ಅಂದ್ಮೇಲೆ ಎಲ್ಲೋ ಒಂದ್ಕಡೆ ತಪ್ಪಿರ್ಲೇಬೇಕು. ಹುಡುಕಿ. ತಪ್ಪು ಲೆಕ್ಕ ಇಟ್ಕೊಂಡು ನಿಮ್ಗೆ ಪಾಠ ಮಾಡೋದು ನನಗಿಷ್ಟ ಇಲ್ಲ."

ಮಕ್ಕಳಿಗೆ ಇದಕ್ಕಿಂತ ಬೇಕೇ? ಮೇಷ್ಟ್ರ ತಪ್ಪು ಹುಡುಕಲು ಮೇಷ್ಟ್ರೇ ಅಪ್ಪಣೆ ಕೊಟ್ಟಿದ್ದರು. ಮೂವತ್ತೆಂಟು ತಲೆಗಳು ಒಟ್ಟಿಗೇ ಬಗ್ಗಿದವು. ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಕಳೆಯುವ ಲೆಕ್ಕದ ಪಿಸುಮಾತು. ಹತ್ತು ನಿಮಿಷವೂ ಆಗಿರಲಿಲ್ಲ, ಲಾಯರಮ್ಮ ಎದ್ದು ನಿಂತಳು.

"ಸಾರ್, ಹದಿಮೂರನೇ ವರ್ಷ ಮೈದಾನ ದೊಡ್ಡದಾಗಿದೆ."

ಮೇಷ್ಟ್ರು ಹಲಗೆಯ ಹತ್ತಿರ ಹೋಗಿ ಆ ಸಾಲಿನ ಮೇಲೆ ಬೆರಳಿಟ್ಟರು. ಮೇಲಿನ ಸಾಲು ನೋಡಿದರು, ಕೆಳಗಿನದು ನೋಡಿದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ನಿಜ," ಎಂದರು. "ಯಾಕೆ ಅಂತ ಗೊತ್ತಾಗ್ತಿಲ್ಲ," ಎಂದು ಕುರ್ಚಿಯಲ್ಲಿ ಕೂತರು. ಯಾವ ತರಗತಿಯಲ್ಲೂ ಮೇಷ್ಟ್ರು ಕೂತದ್ದನ್ನು ಮಕ್ಕಳು ನೋಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಪಕ್ಕದವರ ಮೊಣಕೈ ತಿವಿತಕ್ಕೆ ಸುಮ್ಮನಾದರು.

ತಾನು ಕಾದಿದ್ದ ಕ್ಷಣ ಇದೇ ಅಲ್ಲವೇ? ಆದರೆ ವಿಜ್ಞಾನದ ಟೀಚರ್ ಕೈಯಲ್ಲಿದ್ದ ನಮೂನೆಯನ್ನು ಬೆಂಚಿನ ಮೇಲೆ ಬೋರಲಾಗಿ ಇಟ್ಟಳು. ಮೇಷ್ಟ್ರು ಮಕ್ಕಳ ತಲೆಗಳ ಮೇಲಿಂದ ಅವಳನ್ನೇ ನೋಡುತ್ತಿದ್ದರು.

"ಮೇಡಂ, ಪುಸ್ತಕ ನಿಮ್ಮತ್ರ ಇತ್ತಲ್ಲ. ಇದು ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?"

"ಬಿತ್ತು ಸರ್."

"ಹೇಳ್ಬಾರ್ದಿತ್ತಾ? ಆವತ್ತೇ ತಿದ್ಕೊಳ್ತಿದ್ದೆ."

ಸಿಟ್ಟಿನಿಂದ ಕೇಳಿದ್ದರೆ ಉತ್ತರ ಕೊಡಬಹುದಿತ್ತು. ಅವರು ಬರೀ ಕೇಳಿದ್ದರು, ದಾರಿ ತಪ್ಪಿದವರು ದಾರಿ ಕೇಳುವ ಹಾಗೆ. ಅವಳಿಗೆ ನಾಚಿಕೆಯಾಯಿತು ಎಂದು ಹೇಳಿದರೆ ಸಾಲದು. ಬೆಂಚಿನ ಕೆಳಗೆ ಜಾಗವಿದ್ದಿದ್ದರೆ ಅಲ್ಲಿ ತೂರಿಕೊಳ್ಳುತ್ತಿದ್ದಳು.

ಮೇಷ್ಟ್ರು ಅಷ್ಟರಲ್ಲಿ ಎದ್ದಾಗಿತ್ತು. "ಸರಿ, ಯಾಕೆ ಹೀಗಾಯ್ತು? ಒಬ್ಬೊಬ್ರೇ ಹೇಳಿ," ಎಂದು ಸೀಮೆಸುಣ್ಣ ಹಿಡಿದು ನಿಂತರು. ಸಮುದ್ರ ಆ ವರ್ಷ ಹಿಂದಕ್ಕೆ ಸರಿದಿರಬಹುದು ಎಂದು ಒಬ್ಬ ಹೇಳಿದ, ಬರೆದರು. ಟೇಪು ಹಿಗ್ಗಿರಬಹುದು ಎಂದು ಒಬ್ಬಳು, ಬರೆದರು. ಟೇಪು ಬದಲಾದದ್ದು ಒಂಬತ್ತನೇ ವರ್ಷ, ಅದನ್ನು ನೋಟ್‌ಬುಕ್ಕಿನಲ್ಲೇ ಗುರುತು ಹಾಕಿದೆ ಎಂದು ಇನ್ನೊಬ್ಬ ಎದ್ದು ತೋರಿಸಿದಾಗ ಅದನ್ನು ಹೊಡೆದು ಹಾಕಿದರು. ಟೇಪಿನ ಆ ತುದಿ ಯಾರು ಹಿಡಿದಿದ್ದರು, ಅವರು ಎಳೆದಿರಬಹುದು ಎಂದಿತು ಮತ್ತೊಂದು ದನಿ. ಯಾರೂ ಹಿಡಿಯುತ್ತಿರಲಿಲ್ಲ ಎಂದರು ಮೇಷ್ಟ್ರು. ಸೊನ್ನೆಯ ತುದಿಯ ಉಂಗುರವನ್ನು ಧ್ವಜಕಂಬದ ಕೊಕ್ಕೆಗೆ ಸಿಕ್ಕಿಸಿ ಒಬ್ಬರೇ ಎಳೆದುಕೊಂಡು ಹೋಗುತ್ತಿದ್ದರು. ಇಪ್ಪತ್ತೊಂಬತ್ತು ವರ್ಷವೂ ಹಾಗೇ.

"ಕಂಬ ಅಲ್ಲೇ ಇತ್ತಾ ಸಾರ್?" ಎಂದಳು ಲಾಯರಮ್ಮ.

"ಅಲ್ದೆ ಕಂಬ ಎದ್ದು ಎಲ್ಲಿಗ್ ಹೋ—"

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಹೊರಗೆ ಕಪ್ಪು ಕಲ್ಲಿನ ಕಟ್ಟೆಯ ಮೇಲೆ ಉಕ್ಕಿನ ಧ್ವಜಕಂಬ ನಿಂತಿತ್ತು. ಶಾಲೆಗೆ ಐವತ್ತು ತುಂಬಿದ ವರ್ಷ, ಅಂದರೆ ಅದೇ ಹದಿಮೂರನೇ ವರ್ಷ, ಯಾರೋ ದಾನಿಗಳು ಕೊಟ್ಟದ್ದು. ಸಮಾರಂಭಕ್ಕೆ ಬರುವ ಗಣ್ಯರ ಕುರ್ಚಿಗಳಿಗೆ ಮುಂದೆ ಜಾಗ ಬೇಕೆಂದು ಅದನ್ನು ಹಳೆಯ ಕಂಬದ ಜಾಗದಿಂದ ಹಿಂದಕ್ಕೆ, ಕಟ್ಟಡದ ಹತ್ತಿರಕ್ಕೆ ನೆಟ್ಟಿದ್ದರು. ಹಳೆಯ ಕಬ್ಬಿಣದ ಕಂಬವನ್ನು ಬುಡದಲ್ಲಿ ಕೊಯ್ಯಿಸಿದ್ದು ಬೇರೆ ಯಾರೂ ಅಲ್ಲ, ಇದೇ ಮೇಷ್ಟ್ರು. ಅವರ ಕಣ್ಣು ಕಂಬದಿಂದ ಜಾರಿ, ಅದರ ಮುಂದಿದ್ದ ಸುಣ್ಣ ಬಳಿದ ದಿಬ್ಬದ ಮೇಲೆ ನಿಂತಿತು.

ಹಣೆ ಹಣೆ ಚಚ್ಚಿಕೊಳ್ಳುತ್ತ ಅವರು ಹೊರಗೆ ಹೋದರು. ತರಗತಿಯೇ ಎದ್ದು ಅವರ ಹಿಂದೆ ನಡೆಯಿತು, ವಿಜ್ಞಾನದ ಟೀಚರೂ ಸೇರಿ. ಮೇಷ್ಟ್ರು ಕಲ್ಲಿನ ಮುಂದೆ ಮಂಡಿಯೂರಿ, ಸ್ಟೋರ್ ರೂಮಿನಿಂದ ತಂದ ಕರಣೆಯಿಂದ ಕೆರೆದರು. ವರ್ಷವರ್ಷದ ಸುಣ್ಣ ಪದರ ಪದರವಾಗಿ ಎದ್ದು ಬಂತು, ಅದರ ಕೆಳಗೆ ಸಿಮೆಂಟು, ಸಿಮೆಂಟಿನ ನಡುವೆ ಅಂಗೈಯಗಲದ ತುಕ್ಕು ಹಿಡಿದ ಕಬ್ಬಿಣದ ಬಳೆ. ಕೊಯ್ದ ಕಂಬದ ಬುಡ.

"ಹದಿನೇಳು ವರ್ಷ," ಎಂದರು ಮೇಷ್ಟ್ರು, ಕೂತಲ್ಲಿಂದಲೇ. "ಹದಿನೇಳು ವರ್ಷ ಇದರ ಮೇಲೇ ನಿಂತ್ಕೊಂಡು, ಕಣ್ಣು ಬಿಟ್ಟು ನೋಡ್ರೋ ಅಂತ ನಿಮಗೆಲ್ಲ ಕೂಗಿದ್ದೀನಿ."

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ, ಕಣ್ಣಲ್ಲಿ ನೀರು ಬರುವಷ್ಟು. ವಿಜ್ಞಾನದ ಟೀಚರ್ ನಗಲಿಲ್ಲ. ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದಳು. ಒಂದು ತಪ್ಪನ್ನು ಹೀಗೆ ಸಂತೋಷದಿಂದ ಎದುರುಗೊಂಡ ಮನುಷ್ಯನನ್ನು ಅವಳು ನೋಡಿರಲಿಲ್ಲ. ಇಂಥದ್ದನ್ನು ಮಕ್ಕಳಿಗೆ ಕಲಿಸಲು ಯಾವ ಪುಸ್ತಕವೂ ಇಲ್ಲ ಎಂದು ಅವಳಿಗೆ ಅನಿಸಿತು, ಹೊಟ್ಟೆಕಿಚ್ಚೂ ಆಯಿತು.

ಹೊಸ ಕಂಬಕ್ಕೂ ಹಳೆಯ ಬುಡಕ್ಕೂ ನಡುವೆ ಟೇಪು ಹಿಡಿದರು. ಆರು ಮೀಟರ್ ಇಪ್ಪತ್ತು. ಮೇಷ್ಟ್ರು ನೋಟ್‌ಬುಕ್ಕನ್ನೂ ಕೆಂಪು ಪೆನ್ನನ್ನೂ ಲಾಯರಮ್ಮನ ಕೈಗೆ ಕೊಟ್ಟು, ಹದಿಮೂರನೇ ವರ್ಷದಿಂದ ಹಿಡಿದು ಎಲ್ಲದರಲ್ಲೂ ಅಷ್ಟು ಕಳೆದು ಬರಿ, ಹಳೆಯದನ್ನು ಅಳಿಸಬೇಡ, ಪಕ್ಕದಲ್ಲಿ ಬರಿ ಎಂದರು. ಅವಳು ಹುಲ್ಲಿನ ಮೇಲೆ ಕಾಲು ಮಡಚಿ ಕೂತು ಬರೆದಳು, ಉಳಿದವರು ಸುತ್ತ ಬಗ್ಗಿ ಲೆಕ್ಕ ಸರಿಯಿದೆಯೇ ಎಂದು ನೋಡಿದರು. ತೊಂಬತ್ಮೂರು ಎಂಬತ್ತು ಹೋಗಿ ಎಂಬತ್ತೇಳು ಅರವತ್ತಾಯಿತು. ಮೈದಾನ ಬೆಳೆದಿರಲಿಲ್ಲ. ಪುಟ ತಿರುಗುತ್ತ ತಿರುಗುತ್ತ ನಗು ಕಡಿಮೆಯಾಯಿತು. ಕೊನೆಯ ಪುಟದ ಅರವತ್ತೊಂದು ಐವತ್ತರ ಪಕ್ಕದಲ್ಲಿ ಐವತ್ತೈದು ಮೂವತ್ತು ಎಂದು ಬರೆದು ಲಾಯರಮ್ಮ ಪೆನ್ನಿಗೆ ಮುಚ್ಚಳ ಹಾಕಲಿಲ್ಲ.

"ಸಾರ್, ತಿದ್ದಿದ್ರೆ ಸರಿಹೋಗತ್ತೆ ಅಂದ್ಕೊಂಡಿದ್ದೆ. ಇನ್ನೂ ಜಾಸ್ತಿ ಹೋಗಿದ್ಯಲ್ಲ."

ಮೈದಾನದ ಅರ್ಧಕ್ಕಿಂತ ಹೆಚ್ಚು. ಮಕ್ಕಳು ಹುಲ್ಲಿನ ಅಂಚಿನ ಕಡೆ ನೋಡಿದರು, ಮೊನ್ನೆಯ ಸುಣ್ಣದ ಗೆರೆ ಅಲ್ಲಿ ಮಸುಕಾಗಿ ಉಳಿದಿತ್ತು. ಇದೆಲ್ಲ ಯಾಕೆ ಸಾರ್ ಹೀಗೆ ಎಂದು ಒಂದು ಮಗು ಕೇಳಿತು.

"ಎಷ್ಟು ಅನ್ನೋದು ನನ್ನತ್ರ ಇತ್ತು, ಅದೂ ತಪ್ಪಾಗಿ," ಎಂದರು ಮೇಷ್ಟ್ರು. "ಯಾಕೆ ಅನ್ನೋದು ಮೇಡಂ ಹತ್ರ ಇದೆ. ಕೇಳಿ."

ಅವಳ ಹನ್ನೆರಡು ನಕ್ಷೆಗಳು ಪ್ರಯೋಗಶಾಲೆಯ ಕಪಾಟಿನಲ್ಲಿದ್ದವು. ಕೈಯಲ್ಲಿ ಏನೂ ಇಲ್ಲದೆ ಅವಳು ಹುಲ್ಲಿನ ಮೇಲೆ ನಿಂತು ಮಾತಾಡಿದಳು. ಬಿಸಿಯಾದ ನೀರು ಹಿಗ್ಗುವುದನ್ನು ಹೇಳಿದಳು, ಹಿಮ ಕರಗಿ ಸಮುದ್ರ ಸೇರುವುದನ್ನು ಹೇಳಿದಳು. ಒಂದು ವರ್ಷಕ್ಕೆ ಸಮುದ್ರ ಏರುವುದು ನಿಮ್ಮ ಸ್ಕೇಲಿನ ಮೂರು ನಾಲ್ಕು ಚಿಕ್ಕ ಗೀಟಿನಷ್ಟೇ ಎಂದಾಗ ಲಾಯರಮ್ಮ ಬಿಡಲಿಲ್ಲ. ಅಷ್ಟೇ ಆದರೆ ಮೈದಾನ ವರ್ಷಕ್ಕೆ ಎರಡು ಮೀಟರ್ ಯಾಕೆ ಹೋಗಬೇಕು? ನೆಲ ಚಪ್ಪಟೆಯಾಗಿದ್ದರೆ ಅಷ್ಟು ಏರಿದರೂ ನೀರು ತುಂಬ ಒಳಗೆ ಬರುತ್ತದೆ ಎಂದಳು ಟೀಚರ್. ದೊಡ್ಡ ಗಾಳಿ ಎದ್ದಾಗ ಆ ನೀರೇ ದಂಡೆಯನ್ನು ಕಡಿಯುತ್ತದೆ. ಬಂದರಿಗೆ ಕಟ್ಟಿದ ಕಲ್ಲಿನ ಗೋಡೆ ಈ ಕಡೆ ಬರಬೇಕಾದ ಮರಳನ್ನು ತಡೆದಿದೆ, ಅದರ ಪಾಲೂ ಇದೆ.

"ಯಾವ್ದರ ಪಾಲು ಎಷ್ಟು ಮೇಡಂ?"

ತರಬೇತಿಯಲ್ಲಿ ಇದಕ್ಕೊಂದು ಜಾಣ ಉತ್ತರ ಹೇಳಿಕೊಟ್ಟಿದ್ದರು. ಅದು ನಾಲಗೆಯ ತುದಿಗೂ ಬಂದಿತ್ತು. ಮೇಷ್ಟ್ರು ಕಲ್ಲಿನ ಪಕ್ಕ ಕೈಕಟ್ಟಿ ನಿಂತು, ಮಕ್ಕಳಷ್ಟೇ ಕುತೂಹಲದಿಂದ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ನನಗೆ ಗೊತ್ತಿಲ್ಲ," ಎಂದಳು ಅವಳು. "ಅದನ್ನ ತಿಳ್ಕೋಬೇಕಾದ್ರೆ ಏನೇನು ಅಳೀಬೇಕು ಅಂತ ನಾಳೆ ಕೂತು ಯೋಚ್ನೆ ಮಾಡೋಣ."

ಆ ದಿನ ಗಂಟೆ ಹೊಡೆದರೂ ಯಾರಿಗೂ ಕೇಳಿಸಲಿಲ್ಲ. ಗಣಿತದ ಮೇಷ್ಟ್ರು ಖಾಲಿ ತರಗತಿಯಲ್ಲಿ ಹತ್ತು ನಿಮಿಷ ಕಾದು, ಕಿಟಕಿಯಿಂದ ಬಗ್ಗಿ ನೋಡಿ ಹೋದರಂತೆ.

ಸಂಜೆ ಅವಳು ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ನಮೂನೆ ಹರಡಿ, ರಬ್ಬರ್ ಕೇಳಿ ಇಸಿದುಕೊಂಡಳು. ಪೆನ್ಸಿಲಿನ ಗೀಟು ಹೋಯಿತು, ಆದರೆ ಉಜ್ಜಿದ ಗುರುತು ಉಳಿಯಿತು. 'ವಿಷಯಜ್ಞಾನ ಸಾಲದು' ಎಂಬುದರ ಕೆಳಗೆ, ಅದೇ ಸಂಜೆ ಕಲಿತು ಮರುದಿನ ಕಲಿಸಿದರು ಎಂದು ಸೇರಿಸಿದಳು. 'ಮಕ್ಕಳು ಗದ್ದಲ ಮಾಡಿದರು' ಎಂಬುದನ್ನು ಹಾಗೇ ಬಿಟ್ಟಳು. 'ಅರ್ಹರಲ್ಲ' ಎಂಬುದನ್ನು ಇಂಕಿನಲ್ಲಿ ಹೊಡೆದು ಸಹಿ ಹಾಕಿದಳು. ಕೊನೆಗೆ 'ಬೋಧಿಸುವವರ ಹೆಸರು' ಎಂಬ ಸಾಲಿನಲ್ಲಿ ಮೇಷ್ಟ್ರ ಹೆಸರಿನ ಪಕ್ಕದಲ್ಲಿ ತನ್ನದನ್ನೂ ತುರುಕಿದಳು.

"ಒಬ್ರಿಗೇ ಜಾಗ ಇರೋದಮ್ಮ," ಎಂದರು ಮುಖ್ಯೋಪಾಧ್ಯಾಯಿನಿ.

"ಸಣ್ಣಕ್ಕೆ ಬರ್ದಿದ್ದೀನಿ ಮೇಡಂ. ಹಿಡ್ಸತ್ತೆ."

ಪೀರಿಯಡ್ಡು ಮೇಷ್ಟ್ರ ಲೆಕ್ಕಕ್ಕೇ ಇರಲಿ, ತನ್ನದು ಬಿಟ್ಟಿ ಎಂದಳು. ಮುಖ್ಯೋಪಾಧ್ಯಾಯಿನಿ ಅವಳನ್ನು ಒಂದು ಕ್ಷಣ ನೋಡಿ, ಮೊಹರು ಎತ್ತಿ ಮಸಿಗೆ ಒತ್ತಿ, ಎಂದಿಗಿಂತ ತುಸು ಜೋರಾಗಿಯೇ ಕುಟ್ಟಿದರು. ಮನೆಯಲ್ಲಿ ಅತ್ತೆ ಕೇಳಿದ್ಯಾ ಎಂದು ವಿಚಾರಿಸಿದಾಗ, ಇಲ್ಲ ಅತ್ತೆ, ಅವರೇ ನನ್ನನ್ನ ಕೇಳಿದರು ಎಂದಳು.

ಎರಡು ವಾರ ಕಳೆದು ಕ್ರೀಡಾಕೂಟದ ಹಿಂದಿನ ದಿನ ಬಂತು. ಪ್ರಯೋಗಶಾಲೆಯ ಕಿಟಕಿಯ ಹೊರಗೆ ಸೀಟಿ ಕೇಳಿ ಅವಳು ತಲೆಯೆತ್ತಿದಳು. ಮೇಷ್ಟ್ರು ಟೇಪಿನ ಚಕ್ರ ಹಿಡಿದು ನಿಂತಿದ್ದರು. ಪಕ್ಕದಲ್ಲಿ ನೋಟ್‌ಬುಕ್ ಹಿಡಿದ ಲಾಯರಮ್ಮ.

"ಈಗ ಕಲ್ಲಿಂದ ಅಳೀಬೇಕಲ್ಲ ಮೇಡಂ, ಕಲ್ಲಿಗೆ ಕೊಕ್ಕೆ ಇಲ್ಲ. ಈ ತುದಿ ಸ್ವಲ್ಪ ಹಿಡ್ಕೊಳ್ತೀರಾ?"

ಅವಳು ಹೋದಳು. ಕೆರೆದು ತೆಗೆದ ಕಲ್ಲಿನ ಮುಂದೆ ಮಂಡಿಯೂರಿ, ತುಕ್ಕು ಹಿಡಿದ ಬಳೆಯ ಸರಿಮಧ್ಯಕ್ಕೆ ಸೊನ್ನೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಮೇಷ್ಟ್ರು ಚಕ್ರ ಬಿಚ್ಚುತ್ತ ಸಮುದ್ರದ ಕಡೆ ನಡೆದರು. ಗಾಳಿಗೆ ಟೇಪು ಗುಂಯ್‌ಗುಡುತ್ತ ನಡುಗಿತು. ಅವರು ಅಂಚಿಗೆ ಹೋಗಿ ಬಿಗಿಯಾಗಿ ಎಳೆದಾಗ ಆ ಸೆಳೆತ ಅವಳ ಭುಜದವರೆಗೂ ಬಂತು. ಅವರು ಬಗ್ಗಿ ನೋಡಿದರು.

"ಐವತ್ಮೂರು ತೊಂಬತ್ತು," ಎಂದು ಕೂಗಿದರು. "ಬರ್ಕೊಳಮ್ಮ. ಬಿಡಿ ಮೇಡಂ, ಆಯ್ತು."

ಅವಳು ಬಿಡಲಿಲ್ಲ.

"ಇನ್ನೊಂದ್ಸಲ ನೋಡಿ ಸರ್," ಎಂದಳು.

ಮೇಷ್ಟ್ರು ಅವಳ ಕಡೆ ತಿರುಗಿ ನೋಡಿದರು. ಟೇಪನ್ನು ಸಡಿಲಿಸಿ, ಮತ್ತೆ ಬಿಗಿ ಮಾಡಿ, ಹುಲ್ಲಿನ ಅಂಚಿಗೆ ಮಂಡಿಯೂರಿ ಕಣ್ಣು ಹತ್ತಿರಕ್ಕೆ ತಂದು ಓದಿದರು. ಅಷ್ಟೇ ಬಂತು. ಲಾಯರಮ್ಮ ಪೆನ್ನು ಹಿಡಿದು ಇಬ್ಬರ ಕಡೆಗೂ ಒಮ್ಮೊಮ್ಮೆ ನೋಡುತ್ತ ನಿಂತಿದ್ದಳು. ಟೇಪು ಟೀಚರ್ ಮುಂದೆ ನೇರವಾಗಿ ಚಾಚಿಕೊಂಡು ಗಾಳಿಯಲ್ಲಿ ನಡುಗುತ್ತಿತ್ತು, ಅವಳ ಹೆಬ್ಬೆರಳು ಇನ್ನೂ ಕಬ್ಬಿಣದ ಮೇಲೇ ಇತ್ತು.